ಕಪ್ಪಾಗದ ಕೆಂಪು

"ಗೋಡೆ ಹಾಳಾಗಿದೆ ಅಂತ ತೋರಿಸೋಕೆ ನನ್ನನ್ನ ಊಟದ ಮಧ್ಯೆ ಎಬ್ಬಿಸ್ಕೊಂಡು ಬಂದ್ಯಾ?" ಎಂದು ಸಿಲೋ ಕೇಳಿದ.

ಅರ್ಧ ಕಚ್ಚಿದ ಅಂಜೂರ ಇನ್ನೂ ಅವನ ಕೈಯಲ್ಲೇ ಇತ್ತು. ಸಮುದ್ರದ ಕಡೆಯ ಬಾಗಿಲುಗಳನ್ನೆಲ್ಲ ನಾನು ಬೇಕೆಂದೇ ತೆರೆಸಿದ್ದೆ. ಇಳಿಹೊತ್ತಿನ ಬಿಸಿಲು ಊಟದ ಮನೆಯ ಉದ್ದಕ್ಕೂ ಹರಿದು ಎದುರಿನ ಗೋಡೆಯ ಮೇಲೆ ಬಿದ್ದಿತ್ತು.

ಗೋಡೆ ನಿಜಕ್ಕೂ ಹಾಳಾಗಿತ್ತು. ಹೋದ ತಿಂಗಳು ಕಣ್ಣು ಕುಕ್ಕುತ್ತಿದ್ದ ಕೆಂಪು ಈಗ ಕಂದಿ, ಅಲ್ಲಲ್ಲಿ ಪೂರಾ ಕಪ್ಪಾಗಿತ್ತು. ದ್ರಾಕ್ಷಿ ಗೊಂಚಲು ಹಿಡಿದ ಹುಡುಗಿಯರು, ನವಿಲುಗಳು, ಇಲ್ಲದ ತೋಟಕ್ಕೆ ತೆರೆದ ಸುಳ್ಳು ಬಾಗಿಲುಗಳು, ಎಲ್ಲವೂ ಆ ಕಪ್ಪಿನೊಳಗೆ ಮುಳುಗುತ್ತಿದ್ದವು.

ಹೋದ ತಿಂಗಳು ಇದೇ ಗೋಡೆಯ ಬುಡದಲ್ಲಿ ಸಿಲೋನ ದೊಡ್ಡಪ್ಪ ಟ್ರೆಬಿಯಸ್ ಹಿಂದಲೆ ಒಡೆದು ಸತ್ತು ಬಿದ್ದಿದ್ದ. ಅಂದಿನಿಂದ ಮನೆಯ ಆಳುಗಳೆಲ್ಲ ನೆಲಮಾಳಿಗೆಯಲ್ಲಿ, ಎಣ್ಣೆಯ ಗುಡಾಣಗಳ ನಡುವೆ, ಸರಪಳಿಯಲ್ಲಿದ್ದರು. ರೋಮ್‌ನಿಂದ ಅಪ್ಪಣೆ ನಿನ್ನೆ ಬಂದಿತ್ತು. ಒಡೆಯ ತನ್ನ ಮನೆಯೊಳಗೆ ಕೊಲೆಯಾದರೆ ಅದೇ ಸೂರಿನಡಿ ಇದ್ದ ಆಳುಗಳೆಲ್ಲ ಸಾಯಬೇಕು. ಅವರ ಕೈಗೂ ಕಿವಿಗೂ ಎಟುಕದ ಹಾಗೆ ಹೊರಗಿನವನು ಕೊಂದ ಎಂದು ತೋರಿಸಿದರೆ ಮಾತ್ರ ಬಿಡುಗಡೆ. ನಾಳೆ ಬೆಳಗಾದರೆ ಊರ ಹೊರಗೆ ಶಿಲುಬೆಗಳು ಏಳುತ್ತವೆ.

ಆ ನೆಲಮಾಳಿಗೆಯಲ್ಲಿ ಅಡಿಗೆಯವಳು ಮಿರ್ಟಲೆಯೂ ಇದ್ದಳು. ಅವಳು ನನ್ನ ಅಕ್ಕ. ನಾವಿಬ್ಬರೂ ಒಂದೇ ರೊಟ್ಟಿ ಭಟ್ಟಿಯಲ್ಲಿ ಹುಟ್ಟಿದ ಗುಲಾಮರು. ನನ್ನನ್ನು ಕೊಂಡವನು ಮುಂದೆ ಬಿಡುಗಡೆ ಕೊಟ್ಟ, ಅವಳನ್ನು ಕೊಂಡವನು ಕೊಡಲಿಲ್ಲ. ಸ್ಟಾಬಿಯೆ ಊರಿನ ನ್ಯಾಯಾಧಿಕಾರಿ ಗೇವಿಯಸ್‌ಗಾಗಿ ಕೊಲೆ ಕಳವು ಹುಡುಕುವ ಈ ನಿಕಾಂಡರ್‌ಗೆ ಇಂಥ ಮನೆಯಲ್ಲೊಬ್ಬಳು ಅಕ್ಕನಿದ್ದಾಳೆಂದು ಯಾರಿಗೂ ತಿಳಿಯದು ಎಂದೇ ನಾನು ನಂಬಿದ್ದೆ. ತಿಳಿದಿದ್ದರೆ ಈ ಕೆಲಸ ನನಗೆ ಸಿಗುತ್ತಿರಲಿಲ್ಲ.

"ಗೋಡೆ ಹಾಳಾಗಿರೋದನ್ನ ಅಲ್ಲ ಧಣಿ, ಹಾಳಾಗದೆ ಉಳಿದಿರೋದನ್ನ ನೋಡಿ," ಎಂದೆ.

ಬಣ್ಣದವರು ಹತ್ತಿ ನಿಲ್ಲುವ ಸಾರವೆಯ ಮರಗಳ ನಡುವೆ, ಸೊಂಟದೆತ್ತರದಲ್ಲಿ, ಬಾಗಿಲಿನಷ್ಟು ಅಗಲದ ಒಂದು ಜಾಗವಿತ್ತು. ಸುತ್ತ ಎಲ್ಲ ಕಪ್ಪಾಗಿದ್ದರೂ ಅದೊಂದು ಮಾತ್ರ ಕೆಂಪಾಗೇ ಇತ್ತು.

ಸಿಲೋ ನೋಡಿದ. ನೋಡಿ ಅಂಜೂರವನ್ನು ಹೊರಗೆಸೆದ.

"ಬಣ್ಣದವರ ಕಳಪೆ ಕೆಲಸ. ಅದಕ್ಕೂ ಕೊಲೆಗೂ ಏನು ಸಂಬಂಧ?"

"ಮೇಸ್ತ್ರಿ ಬರ್ತಿದ್ದಾನೆ. ಅವನ ಬಾಯಲ್ಲೇ ಕೇಳೋಣ."

"ನಾಳೆ ಆಗೋದು ಆಗಿಹೋಗ್ಲಿ ಬಿಡೋ. ಆಳುಗಳ ವಿಚಾರ ಮುಗಿಯೋ ತನಕ ದೊಡ್ಡಪ್ಪನ ಉಯಿಲಿನ ಮುದ್ರೆ ಒಡೆಯೋ ಹಾಗಿಲ್ಲ. ನನ್ನ ಕಷ್ಟ ನನಗೆ."

"ಆಳುಗಳು ಸತ್ತರೆ ನಷ್ಟ ನಿಮಗೇ ಅಲ್ವಾ? ಮನೆ ಜೊತೆ ಅವರೂ ನಿಮಗೇ ಬರೋರು."

"ಒಡೆಯನ ರಕ್ತ ಕುಡಿದ ಮನೆಯಲ್ಲಿ ಅವರ ಕೈಯ ಅನ್ನ ನಾನು ತಿನ್ನಲಾ? ನುಕೇರಿಯಾದ ನಮ್ಮ ಮನೆಯಲ್ಲಿ ಸುದ್ದಿ ಕೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ." ಅವನು ಬಾಗಿಲ ಬಳಿಯೇ ನಿಂತ. ಆ ಗೋಡೆಯ ಹತ್ತಿರ ಅವನು ಸುಳಿಯಲೇ ಇಲ್ಲ. ಹೆದರುಪುಕ್ಕಲ ಎಂದುಕೊಂಡೆ ನಾನು.

ಕಾವಲಿನವರು ಮೇಸ್ತ್ರಿ ಜೋಸಿಮಸ್‌ನನ್ನು ಕರೆತಂದರು. ನನಗಿಂತ ಹತ್ತು ವರ್ಷ ದೊಡ್ಡವನು, ಉದ್ದ ತೋಳಿನ ಮೌನದ ಮನುಷ್ಯ, ಪುಟಿಯೋಲಿ ಪಟ್ಟಣದಲ್ಲಿ ಸ್ವಂತ ಅಂಗಡಿ ಇದ್ದವನು. ಉಗುರಿನ ಸಂದಿಯ ಸುಣ್ಣ ಇನ್ನೂ ಹೋಗಿರಲಿಲ್ಲ. ಕೊಲೆಯಾದಾಗಿನಿಂದ ಅವನ ತಂಡದವರು ಯಾರೂ ಈ ಕೋಣೆಗೆ ಕಾಲಿಡದಂತೆ ಕಟ್ಟಪ್ಪಣೆಯಾಗಿತ್ತು.

ಒಳಗೆ ಬಂದವನು ಮೊದಲು ಗೋಡೆಯನ್ನು ನೋಡಲಿಲ್ಲ. ಮೂಲೆಯಲ್ಲಿ ಒಟ್ಟಿದ್ದ ಅಮೃತಶಿಲೆಯ ಪುಡಿಯ ಚೀಲಗಳನ್ನು ನೋಡಿದ. ಆಮೇಲೆ ಗೋಡೆಯತ್ತ ತಿರುಗಿದ, ಮುಖ ಬಿಳಿಚಿಕೊಂಡಿತು.

"ಅಯ್ಯೋ," ಎಂದ ಮೆಲ್ಲಗೆ. "ಮೇಣ ಹಾಕೋಕೆ ಯಾರೂ ಬಿಡಲಿಲ್ಲ."

"ಮೇಣ ಯಾಕೆ ಬೇಕು ಮೇಸ್ತ್ರಿ? ಧಣಿಗಳಿಗೆ ಸ್ವಲ್ಪ ಬಿಡಿಸಿ ಹೇಳು."

"ಇದು ಇಂಗಳೀಕ, ಗಣಿಯಿಂದ ಬರೋ ದುಬಾರಿ ಕೆಂಪು. ಬಿಸಿಲು ತಾಗಿದರೆ ಕಪ್ಪಾಗತ್ತೆ. ಬಿಸಿ ಮೇಣ ಕುಡಿಸಿ ಬಟ್ಟೆಯಲ್ಲಿ ಉಜ್ಜಿದರೆ ನಿಲ್ಲತ್ತೆ. ಇಲ್ಲದಿದ್ದರೆ ಒಂದು ತಿಂಗಳೂ ಬಾಳಲ್ಲ."

"ಹಂಗಾದರೆ ಅದು?" ನಾನು ಆ ಜಾಗವನ್ನು ತೋರಿಸಿದೆ. "ಅದಕ್ಕೂ ಮೇಣ ಹಾಕಿಲ್ಲ. ಅದ್ಯಾಕೆ ಕಪ್ಪಾಗಿಲ್ಲ?"

ಜೋಸಿಮಸ್ ಉಗುರಿನ ಸುಣ್ಣ ಕೆರೆಯತೊಡಗಿದ.

"ನಾನೇ ಹೇಳಲಾ? ಅದು ಇಂಗಳೀಕ ಅಲ್ಲ. ಕಾವಿ. ಬರೀ ಕೆಮ್ಮಣ್ಣು. ಹಾಕಿದ ದಿನ ಎರಡಕ್ಕೂ ದೀಪದ ಬೆಳಕಲ್ಲಿ ವ್ಯತ್ಯಾಸ ಕಾಣಲ್ಲ. ಇಷ್ಟು ದಿನದ ಬಿಸಿಲು ಬಿದ್ದ ಮೇಲೆ ಕಂಡಿದೆ."

"ಇಂಗಳೀಕ ಮುಗಿದಿತ್ತೇನೋ," ಎಂದು ಬಾಗಿಲ ಬಳಿಯಿಂದ ಸಿಲೋ ಅಂದ.

"ಮುಗಿದಿರಲಿಲ್ಲ ಧಣಿ. ದುಬಾರಿ ಬಣ್ಣ ಕೊಡೋದು ಮನೆಯವರೇ. ನಿಮ್ಮ ದೊಡ್ಡಪ್ಪ ಬೆಳಗ್ಗೆ ಬೆಳಗ್ಗೆ ಪೆಟ್ಟಿಗೆ ತೆಗೆದು ಆ ದಿನಕ್ಕೆ ಬೇಕಾದಷ್ಟೇ ತಮ್ಮ ಕೈಯಾರೆ ತೂಗಿ ಕೊಡ್ತಿದ್ದರು. ಬೀಗದ ಕೈ ಅವರ ಕೊರಳಲ್ಲಿ. ಪೆಟ್ಟಿಗೆ ನಾನೇ ತೆಗೆಸಿ ನೋಡಿದೀನಿ, ಅರ್ಧಕ್ಕಿಂತ ಜಾಸ್ತಿ ಇದೆ. ಅಂದರೆ ಆ ಜಾಗಕ್ಕೆ ಬಣ್ಣ ಬಿದ್ದಿದ್ದು ಕೇಳಿದರೆ ಕೊಡೋಕೆ ಒಡೆಯ ಬದುಕಿಲ್ಲದ ಹೊತ್ತಲ್ಲಿ."



ನಾನು ಗೋಡೆಯ ಹತ್ತಿರ ಹೋಗಿ ಆ ಕೆಂಪಿನ ಅಂಚಿನ ಮೇಲೆ ಉಗುರು ಎಳೆದೆ.

"ಇನ್ನೊಂದು ಮಾತು ಮೇಸ್ತ್ರಿ. ನೀವು ಗಾರೆ ಮೆತ್ತೋದು ಮೇಲಿನಿಂದ ಕೆಳಕ್ಕೆ, ಆ ದಿನ ಎಷ್ಟು ಬರೀತೀರೋ ಅಷ್ಟೇ ಜಾಗಕ್ಕೆ. ಹಸಿ ಇರುವಾಗಲೇ ಬರೆದು ಮುಗಿಸ್ಬೇಕು. ನಾಳೆಯ ಗಾರೆ ಇವತ್ತಿನದರ ಅಂಚಿನ ಮೇಲೆ ಹತ್ತಿ ಕೂರತ್ತೆ. ಅಲ್ವಾ?"

"ಹೌದು."

"ಈ ತುಂಡು ಮೇಲಿನದರ ಮೇಲೂ ಹತ್ತಿದೆ, ಕೆಳಗಿನದರ ಮೇಲೂ ಹತ್ತಿದೆ. ಎರಡೂ ಕಡೆ ಹೇಗೆ ಹತ್ತತ್ತೆ? ಮೊದಲಿದ್ದದ್ದನ್ನ ಕಿತ್ತು ಹೊಸದಾಗಿ ಮೆತ್ತಿದ್ದೀಯ. ಹಸಿ ಸುಣ್ಣಕ್ಕೆ ರಕ್ತ ಹಾರಿದರೆ ತೊಳೆದರೆ ಹೋಗಲ್ಲ, ಒಳಕ್ಕೆ ಹೀರ್ಕೊಳ್ಳತ್ತೆ. ಅದಕ್ಕೇ ಕಿತ್ತೆ. ಕರಣೆ ಹಿಡಿದು ಹೀಗೆ ನುಣ್ಣಗೆ ತೀಡೋ ಕೈ ಆ ನೆಲಮಾಳಿಗೆಯಲ್ಲಿ ಒಂದೂ ಇಲ್ಲ. ಮೊದಲ ವಿಚಾರಣೆಯಲ್ಲಿ ಸಂಜೆಗೇ ಛತ್ರಕ್ಕೆ ಹೋದೆ ಅಂದಿದ್ಯಲ್ಲ, ಅದು ಸುಳ್ಳು."

ಜೋಸಿಮಸ್ ತಲೆ ತಗ್ಗಿಸಿದ. ನನಗೆ ಗೆದ್ದ ಹುರುಪು ಬರಬೇಕಿತ್ತು, ಬರಲಿಲ್ಲ. ಈ ಮನುಷ್ಯನ ಕೆಲಸ ನನಗೆ ಇಷ್ಟವಾಗಿತ್ತು. ಆದರೂ ಅವನು ಹೊರಗಿನವನು, ಸ್ವತಂತ್ರ. ಅವನು ಕೊಂದಿದ್ದರೆ ಅಕ್ಕ ನಾಳೆಯ ಬೆಳಕು ನೋಡುತ್ತಾಳೆ. ದೇವರೇ, ಇವನೇ ಕೊಂದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ.

"ಮೇಸ್ತ್ರಿ, ಬಣ್ಣ ಬಳಿಯೋರು ಇಂಗಳೀಕದ ಕುಂಚಾನ ಸುಮ್ಮಸುಮ್ಮನೆ ತೊಳೀತಿರ್ತಾರೆ. ಯಾಕೆ ಅಂತ ಇಡೀ ಊರಿಗೆ ಗೊತ್ತು. ಬಣ್ಣ ನೀರಿನ ತಳಕ್ಕೆ ಇಳಿಯತ್ತೆ, ಸಂಜೆ ಕಳ್ಳತನದಲ್ಲಿ ಅವರ ಮನೆಗೆ ಹೋಗತ್ತೆ. ನಿನ್ನ ತೊಳೆಯೋ ಗಡಿಗೇನೂ ನೋಡಿದೆ, ತಳದಲ್ಲಿ ಕೆಂಪಿನ ಹನಿ ಇಲ್ಲ. ಈ ತೀರದಲ್ಲಿ ಕದಿಯದ ಬಣ್ಣದವನು ನೀನೊಬ್ಬನೇ ಇರಬೇಕು. ಒಂದು ಹಿಡಿ ಕದ್ದಿದ್ರೂ ಆ ತುಂಡೂ ಇವತ್ತು ಕಪ್ಪಾಗಿರ್ತಿತ್ತು. ನಾನು ಬರಿಗೈಲಿ ಹೋಗ್ತಿದ್ದೆ."

ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

"ನಮ್ಮ ಹುಡುಗರೂ ಹಿಂಗೇ ಆಡ್ಕೋತಿದ್ರು, ಮೇಸ್ತ್ರೀ ನಿಮಗೆ ಬದುಕೋಕೆ ಬರಲ್ಲ ಅಂತ," ಎಂದ. ಆಮೇಲೆ ತಲೆಯೆತ್ತಿದ. "ಸರಿ. ನಾನೇ ಕೊಂದೆ."

"ಏನಂದೆ?" ಸಿಲೋ ಎರಡು ಹೆಜ್ಜೆ ಮುಂದೆ ಬಂದ.

"ನಾನೇ ಕೊಂದೆ ಧಣಿ. ಹುಡುಗರನ್ನ ಕಳಿಸಿ ಕೊನೆ ತುಂಡು ಮುಗಿಸ್ತಿದ್ದೆ. ನಿಮ್ಮ ದೊಡ್ಡಪ್ಪ ಬಂದ್ರು. ಹಂದಿ ದೊಡ್ಡಿಗೆ ಬಳಿಯೋಕೆ ಲಾಯಕ್ಕು ನೀನು ಅಂದ್ರು. ಗಾರೆ ಕುಟ್ಟೋ ಮರದ ಕೊಡತಿ ಕೈಯಲ್ಲಿತ್ತು. ಆಳುಗಳೆಲ್ಲ ಆಚೆ ಅಂಗಳದಲ್ಲಿ ಊಟಕ್ಕೆ ಕೂತಿದ್ರು, ಯಾರಿಗೂ ಕೇಳಿಸ್ಲಿಲ್ಲ."

ಹೇಳುವಾಗ ಅವನು ನನ್ನನ್ನೇ ನೋಡುತ್ತಿದ್ದ. ಕಾನೂನಿಗೆ ಬೇಕಾದ ಮಾತುಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಟ್ಟಿದ್ದ. ಹೊರಗಿನವನು, ಒಬ್ಬನೇ, ಯಾರಿಗೂ ಕೇಳಿಸಲಿಲ್ಲ. ನನ್ನ ಎದೆ ಹಗುರಾಯಿತು.

ಸಿಲೋಗೆ ಮಾತ್ರ ಹಗುರಾದಂತೆ ಕಾಣಲಿಲ್ಲ.

"ಇವನ ಮಾತು ನಂಬ್ತೀಯಾ ನೀನು? ಆಳುಗಳ ಜೊತೆ ಕೂತು ಗಂಜಿ ಕುಡಿದೋನು ಇವನು. ಅವರನ್ನ ಉಳಿಸೋಕೆ ಏನು ಬೇಕಾದ್ರೂ ಹೇಳ್ತಾನೆ."

"ಶಿಲುಬೆಗೆ ಏರೋಕೆ ಯಾರು ಸುಳ್ಳು ಹೇಳ್ತಾರೆ ಧಣಿ? ಗೇವಿಯಸ್ ಅವರು ಹೊರಗೆ ಕಂಬದ ಸಾಲಲ್ಲಿ ಕೂತಿದ್ದಾರೆ. ತಪ್ಪೊಪ್ಪಿಗೆ ಅವರ ಮುಂದೆ ಆಗ್ಬೇಕು. ದಯವಿಟ್ಟು ಕರ್ಕೊಂಡು ಬನ್ನಿ. ನಾನು ಇವನನ್ನ ಬಿಟ್ಟು ಕದಲೋ ಹಾಗಿಲ್ಲ."

ಸಿಲೋ ಒಂದು ಗಳಿಗೆ ತಡೆದು ನಿಂತ. ಕಾವಲಿನವರು ನೋಡುತ್ತಿದ್ದರು, ಬೇರೆ ದಾರಿ ಇರಲಿಲ್ಲ. ಹೋದ. ಕಾವಲಿನವರನ್ನೂ ನಾನು ಬಾಗಿಲಾಚೆಗೆ ಕಳಿಸಿದೆ.

ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ನನಗೊಂದು ಕೆಟ್ಟ ಚಾಳಿ. ಗಂಟು ಬಿಚ್ಚಿದ ಮೇಲೂ ದಾರದ ತುದಿ ಎಲ್ಲಿದೆ ಎಂದು ಹುಡುಕುತ್ತೇನೆ.

"ಕಿತ್ತ ತುಂಡು ಎಲ್ಲಿ ಮೇಸ್ತ್ರಿ?"

"ಒಡೆದು ಸಮುದ್ರಕ್ಕೆ ಹಾಕ್ದೆ."

"ಸುಳ್ಳು. ಮಾರನೇ ದಿನ ಬೆಳಕು ಹರಿಯೋ ಮೊದಲೇ ಇಲ್ಲಿ ಕಾವಲು ಬಿದ್ದಿತ್ತು. ಅದನ್ನ ಹೊರಕ್ಕೆ ಒಯ್ಯೋಕೆ ನಿನಗೆ ಹೊತ್ತು ಸಿಗಲಿಲ್ಲ. ಇವತ್ತು ಒಳಗೆ ಬರ್ತಾನೇ ನೀನು ನೋಡಿದ್ದು ಗೋಡೇನಲ್ಲ, ಆ ಚೀಲಗಳನ್ನ."

"ಬೇಡ ತಮ್ಮಾ." ಅವನು ನನ್ನ ತೋಳು ಹಿಡಿಯಲು ಬಂದ. "ನೀನು ಗೆದ್ದೆ. ಆಳುಗಳು ಉಳಿದ್ರು. ಇಷ್ಟಕ್ಕೇ ಬಿಟ್ಟುಬಿಡು."

ನಾನಾಗಲೇ ಮೂಲೆಗೆ ಹೋಗಿದ್ದೆ. ಮೇಲಿನ ಚೀಲ ಎಳೆದೆ, ಎರಡನೆಯದನ್ನೂ ಎಳೆದೆ. ಹಿಂದೆ, ಗೋಡೆಗೆ ಒರಗಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಗಾರೆಯ ಹಲಗೆಯಿತ್ತು. ಗೋಣಿ ಒಣಗಿ ಸೆಟೆದು ಹೋಗಿತ್ತು. ಬಿಚ್ಚಿ ಬೆಳಕಿಗೆ ಹಿಡಿದೆ.

ಬಣ್ಣ ಬೀಳುವ ಮುಂಚಿನ ಬಿಳಿ ಗಾರೆ. ಅದರಲ್ಲಿ ಎರಡು ಅಂಗೈಗಳು ಆಳವಾಗಿ ಒತ್ತಿಕೊಂಡಿದ್ದವು. ಗಂಡಸಿನ ಕೈಗಳಲ್ಲ. ಬಲಗೈಯ ಕಿರುಬೆರಳೂ ಉಂಗುರ ಬೆರಳೂ ಬೇರೆ ಬೇರೆಯಾಗಿರಲಿಲ್ಲ, ಒಂದೇ ದಪ್ಪ ಗೆರೆಯಾಗಿ ಮೂಡಿದ್ದವು.

ರೊಟ್ಟಿ ಭಟ್ಟಿಯ ಕಬ್ಬಿಣದ ಬಾಗಿಲು ಮಿರ್ಟಲೆಯ ಕೈಮೇಲೆ ಬಿದ್ದಾಗ ನಾನು ಪಕ್ಕದಲ್ಲೇ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಸುಟ್ಟ ಎರಡು ಬೆರಳು ಮಾಯುವಾಗ ಒಂದಕ್ಕೊಂದು ಕೂಡಿಕೊಂಡವು. ಆ ಕೈಯಿಂದಲೇ ಅವಳು ನನ್ನ ತಲೆ ನೇವರಿಸಿ ಮಲಗಿಸುತ್ತಿದ್ದಳು. ಲೋಕದ ಯಾವ ಮೂಲೆಯಲ್ಲಿ ಕಂಡರೂ ಆ ಕೈ ನನಗೆ ಗುರುತು ಸಿಗುತ್ತದೆ.

 ಚೀಲದ ಮೇಲೆ ಕೂತುಬಿಟ್ಟೆ.

"ಅವಳು ನಿನ್ನ ಅಕ್ಕ ಅಂತ ನನಗೆ ಗೊತ್ತು," ಎಂದ ಜೋಸಿಮಸ್. "ಅವಳೇ ಹೇಳಿದ್ಲು. ಇನ್ಯಾರಿಗೂ ಹೇಳಿಲ್ಲ. ಮಧ್ಯಾಹ್ನ ಸಾರವೆ ಮೇಲಕ್ಕೆ ನನಗೆ ಕಡಲೆ ಗಂಜಿ ಕೊಡ್ತಿದ್ಲು. ಪುಟಿಯೋಲಿಗೆ ಬರ್ತೀಯಾ ಅಂತ ಕೇಳಿದ್ದೆ. ಒಡೆಯನನ್ನ ಕೇಳಿ ಬಿಡಿಸ್ಕೋ ಅಂದ್ಲು. ಕೇಳಿದೆ. ಅವನು ನಕ್ಕ."

"ಆ ಸಂಜೆ?"

"ಗಾರೆಯನ್ನ ನೆಲದ ತನಕ ತೀಡಿ ಕೆಳಗಡೆ ಬರೆಯೋ ಹೊತ್ತಿಗೆ ಆ ದಿನದ ಬಣ್ಣ ಮುಗೀತು. ಉಳಿದ ತುಂಡಿಗೆ ಒಡೆಯ ಬಂದು ಇನ್ನಷ್ಟು ತೂಗಿ ಕೊಡಬೇಕಿತ್ತು, ಅಷ್ಟರಲ್ಲಿ ಬಾವಿಕಟ್ಟೆಗೆ ನೀರಿಗೆ ಹೋಗಿದ್ದೆ. ಬಂದಾಗ ಅವನು ಕೆಳಗೆ ಬಿದ್ದಿದ್ದ, ಇವಳ ಕೈಯ ಅಚ್ಚು ಗೋಡೆ ಮೇಲಿತ್ತು. ಇವಳಿರಲಿಲ್ಲ. ಆಮೇಲೆ ಒಂದು ಮಾತಾಡೋಕೂ ನಮಗೆ ಆಗ್ಲಿಲ್ಲ, ಎಲ್ಲರನ್ನೂ ಕೆಳಗೆ ತಳ್ಳಿದ್ರು. ಅವಳನ್ನ ಅವನು ಮುಟ್ಟೋಕೆ ಹೋಗಿರ್ತಾನೆ ತಮ್ಮಾ. ಅವಳು ಹೊಡೆದಿದ್ದು ತಪ್ಪಲ್ಲ. ಕೊಡಿಲ್ಲಿ, ಒಡೆದುಬಿಡ್ತೀನಿ."

ಅವನು ಕೈ ಚಾಚಿದ. ನಾನು ಕೊಡಲಿಲ್ಲ. ನಾನು ಆ ಹಲಗೆಯನ್ನು ನೋಡುತ್ತಲೇ ಇದ್ದೆ, ಅಳು ಬರುತ್ತಿದ್ದರೂ ನೋಡುತ್ತಿದ್ದೆ.

ಎರಡೂ ಕೈಗಳ ಬೆರಳುಗಳು ನೆಲದ ಕಡೆಗಿದ್ದವು. ಗೋಡೆಗೆ ಬೆನ್ನು ಕೊಟ್ಟು ಹಿಂದೆ ಹಿಂದೆ ಸರಿದವರ ಕೈ ಹಾಗೆ ಬೀಳುತ್ತದೆ. ಸುತ್ತಲೂ ರಕ್ತದ ಕಂದು ಚುಕ್ಕೆಗಳು ಚೆಲ್ಲಿದ್ದವು. ಆದರೆ ಅಂಗೈಗಳ ಗುಳಿಯೊಳಗೆ ಒಂದೇ ಒಂದು ಚುಕ್ಕೆಯಿರಲಿಲ್ಲ, ಗಾರೆ ಹಾಲಿನಷ್ಟು ಬಿಳಿಯಾಗಿತ್ತು.

"ಮೇಸ್ತ್ರಿ, ಇಲ್ಲಿ ನೋಡು. ರಕ್ತ ಹಾರಿದಾಗ ಅವಳ ಎರಡು ಕೈಯೂ ಗೋಡೆಗೆ ಒತ್ತಿದ್ವು. ಅದಕ್ಕೇ ಒಳಗೆ ಚುಕ್ಕೆ ಬಿದ್ದಿಲ್ಲ. ಎರಡು ಕೈ ಗೋಡೆ ಮೇಲಿದ್ದರೆ ಕೊಡತಿ ಹಿಡಿದಿದ್ದು ಯಾರು? ಅವನು ಅವಳ ಕಡೆ ಮುಖ ಮಾಡಿ ನಿಂತಿದ್ದ, ಏಟು ಬಿದ್ದಿದ್ದು ಹಿಂದಲೆಗೆ. ಅವನ ಬೆನ್ನ ಹಿಂದೆ ಇನ್ನೊಬ್ಬ ಇದ್ದ."

ಜೋಸಿಮಸ್ ಬಗ್ಗಿ ಆ ಬಿಳಿ ಗುಳಿಗಳನ್ನು ಬೆರಳಿನಿಂದ ಮುಟ್ಟಿದ. "ಅವಳು ಹೊಡೀಲಿಲ್ವಾ?" ಎಂದು ಕೇಳಿದ. ಆ ಪ್ರಶ್ನೆಯಿಂದಲೇ ನನಗೆ ತಿಳಿಯಿತು, ಅವನೂ ಹೊಡೆದಿರಲಿಲ್ಲ. ಅವಳು ಕೊಂದಳೆಂದು ನಂಬಿ, ಅವಳ ಬದಲು ಸಾಯಲು ಬಂದಿದ್ದ.

ಆದರೆ ಇದನ್ನು ತೋರಿಸಿದರೆ ಏನಾಗುತ್ತದೆ? ಒಡೆಯ ಸಾಯುವಾಗ ಎದುರಿಗೇ ಇದ್ದು ಕೂಗದ ಆಳಿಗೂ ಕಾನೂನು ಕೊಡುವುದು ಸಾವನ್ನೇ. ಅಕ್ಕ ವಿಚಾರಣೆಯಲ್ಲಿ ಬಾಯಿ ಬಿಡದಿದ್ದದ್ದೂ ಅದಕ್ಕೇ ಇರಬೇಕು. ಹಲಗೆ ಒಡೆದರೆ ಅಕ್ಕ ಉಳಿಯುತ್ತಾಳೆ, ಮನೆಯ ಆಳುಗಳೆಲ್ಲ ಉಳಿಯುತ್ತಾರೆ, ಕೊಲ್ಲದ ಈ ಮನುಷ್ಯ ಶಿಲುಬೆಗೆ ಹೋಗುತ್ತಾನೆ.

ಅಂಗಳದ ಕಲ್ಲಿನ ಮೇಲೆ ಹೆಜ್ಜೆಯ ಸದ್ದು ಕೇಳಿಸಿತು.

"ಒಡಿ," ಎಂದ ಜೋಸಿಮಸ್. "ನಿನ್ನ ಕಾಲು ಹಿಡೀತೀನಿ, ಒಡಿ."

ನನ್ನಿಂದಾಗಲಿಲ್ಲ. ಅಕ್ಕನ ಕೈಯನ್ನು ನನ್ನ ಕೈಯಾರೆ ಹೇಗೆ ಒಡೆಯಲಿ? ಎದ್ದು ನಿಂತು ಹಲಗೆಯನ್ನು ಎದೆಗೆ ಅವುಚಿಕೊಂಡೆ. ಅಂಗೈಯ ಗುರುತುಗಳು ನನ್ನ ಅಂಗಿಗೆ ತಾಗಿದ್ದವು, ಹಲಗೆಯ ಒರಟು ಹಿಂಬದಿ ಬಾಗಿಲ ಕಡೆಗಿತ್ತು. ಅಲ್ಲಿಂದ ನೋಡಿದವರಿಗೆ ಕಲ್ಲು ಮರಳಿನ ಹೆಂಟೆಯಲ್ಲದೆ ಬೇರೇನೂ ಕಾಣುವಂತಿರಲಿಲ್ಲ.

ನ್ಯಾಯಾಧಿಕಾರಿ ಗೇವಿಯಸ್ ಒಳಗೆ ಬಂದರು. ಹಿಂದೆ ಸಿಲೋ.

"ಒಪ್ಪಿಕೊಂಡ ಅಂತಲ್ಲ ನಿಕಾಂಡರ್? ಒಳ್ಳೇದು," ಎಂದರು ಗೇವಿಯಸ್. "ಅದೇನದು ಎದೆಗೆ ಅಪ್ಕೊಂಡಿದ್ದೀಯ?"

"ಏನಿಲ್ಲ ಸ್ವಾಮಿ. ಹಳೇ ಗಾರೆ ತುಂಡು. ಮೂಲೆಯಲ್ಲಿ ಬಿದ್ದಿತ್ತು."

ಸಿಲೋನ ಕಣ್ಣು ಆ ತುಂಡಿನ ಮೇಲೆ ನಿಂತಿತು. ಆಮೇಲೆ ಗೋಡೆಯ ಕೆಂಪಿಗೆ ಹೋಗಿ, ಮತ್ತೆ ನನ್ನ ಎದೆಯ ಕಡೆ ಬಂತು. ಅವನು ಮೊದಲ ಸಲ ಬಾಗಿಲು ಬಿಟ್ಟು ಕೋಣೆಯ ನಡುವಿಗೆ ಬಂದ. ಮುಖದಲ್ಲಿ ಗೆದ್ದವನ ಕಳೆಯಿತ್ತು.

"ಮುಚ್ಚಿಡ್ತೀಯಾ ಯಾಕೋ? ತಿರುಗಿಸು," ಎಂದ. "ಆ ಕೈ ಗುರುತು ಯಾವ ಆಳಿಂದು ಅಂತ ನ್ಯಾಯಾಧಿಕಾರಿಗಳೂ ನೋಡ್ಲಿ."

ಜೋಸಿಮಸ್ ನನ್ನತ್ತ ನೋಡಿದ, ನಾನು ಅವನತ್ತ ನೋಡಿದೆ.

ಕೈ ಗುರುತಿನ ಮಾತನ್ನು ಸಿಲೋನ ಮುಂದೆ ನಾವಿಬ್ಬರೂ ಆಡಿರಲಿಲ್ಲ. ಅವನು ನುಕೇರಿಯಾದಿಂದ ಬಂದಿಳಿದದ್ದು ಕೊಲೆಯ ಮಾರನೇ ದಿನ. ಅಷ್ಟು ಹೊತ್ತಿಗೆ ಹಳೆಯ ಗಾರೆ ಗೋಡೆಯ ಮೇಲೆ ಇರಲೇ ಇಲ್ಲ. ಆ ಗುರುತನ್ನು ಕಂಡಿದ್ದರೆ ಅವನು ಕೊಲೆಯ ಹೊತ್ತಿಗೇ ಇಲ್ಲಿದ್ದಿರಬೇಕು.

"ತಿರುಗಿಸು ನಿಕಾಂಡರ್," ಎಂದರು ಗೇವಿಯಸ್.